ಹ್ಯಾಂಡಲ್ ಮೇಲಿನ ಚಪ್ಪಲಿ

ಮೊದಲೇ ಹೇಳಿಬಿಡುತ್ತೇನೆ. ನಾನು ಸಿಂಹಿಣಿಗೆ ಹೊಡೆದಿದ್ದು ನಿಜ. ಮಚ್ಚಿನ ಬೆನ್ನಿನಿಂದ ಹೊಡೆದೆ. ಮೂಗಿನ ಮೇಲೆ ಹೊಡೆದೆ. ಅದು ಬಾಯಿ ಬಿಡುವವರೆಗೂ ಹೊಡೆದೆ. ನೀವೆಲ್ಲ ಅದನ್ನು ಮೊಬೈಲಿನಲ್ಲಿ ನೋಡಿದ್ದೀರಿ. ನೋಡಿ ನನ್ನನ್ನು ರಾಕ್ಷಸಿ ಅಂದಿರಿ, ಕಟುಕಿ ಅಂದಿರಿ, ಇಂಥವಳ ಕೈ ಕತ್ತರಿಸಬೇಕು ಅಂತಲೂ ಬರೆದಿರಿ. ಕೈ ಕತ್ತರಿಸಿದ್ದಾಯಿತು ಬಿಡಿ. ನನ್ನದಲ್ಲ, ನನ್ನ ತಂಗಿಯದು. ಆ ವಿಡಿಯೋದಲ್ಲಿ ಅವಳು ಕಾಣುವುದಿಲ್ಲ. ನೀರಿನ ತೊಟ್ಟಿಯ ಹಿಂದೆ, ಸಿಂಹಿಣಿಯ ಹೊಟ್ಟೆಯ ಕೆಳಗೆ ಇದ್ದಳು.

ನಾನು ಮಾಂಸ ಕಡಿಯುವವಳು. ಸರ್ಕಸ್ಸಿನಿಂದ, ಸಾಹುಕಾರರ ತೋಟದ ಬೋನುಗಳಿಂದ ಬಿಡಿಸಿ ತಂದ ಕಾಡುಪ್ರಾಣಿಗಳನ್ನು ಸಾಕುವ ಜಾಗದಲ್ಲಿ ನನ್ನ ಕೆಲಸ. ಹೊರಗಿನ ಬೋರ್ಡಿನಲ್ಲಿ ದಯೆ, ಕರುಣೆ ಅಂತೆಲ್ಲ ದಪ್ಪ ಅಕ್ಷರದಲ್ಲಿ ಬರೆದಿದೆ. ಒಳಗೆ ಸಿಂಹ, ಹುಲಿ, ಕರಡಿ, ಒಂದು ಕುಂಟು ಚಿರತೆ. ಕರುಣೆ ತಿಂದು ಅವುಗಳ ಹೊಟ್ಟೆ ತುಂಬುವುದಿಲ್ಲ. ಎಲ್ಲೆಲ್ಲೋ ಸತ್ತುಬಿದ್ದ ಎಮ್ಮೆ, ಕುದುರೆ, ಕತ್ತೆಗಳನ್ನು ನನ್ನ ಗಂಡ ಲಾರಿಯಲ್ಲಿ ಹೇರಿಕೊಂಡು ಬರುತ್ತಾನೆ. ನಾನು ಸುಲಿಯುತ್ತೇನೆ. ಹೊಟ್ಟೆ ಸೀಳುತ್ತೇನೆ. ಕರುಳು ಎಳೆದು ಬುಟ್ಟಿಗೆ ಹಾಕುತ್ತೇನೆ. ತೊಡೆ ಬಿಡಿಸಿ, ಬೆನ್ನುಮೂಳೆ ಒಡೆದು, ಬಕೆಟ್ಟು ತುಂಬಿಸುತ್ತೇನೆ. ಬಿಸಿಲುಕಾಲದಲ್ಲಿ ಹೆಣ ಉಬ್ಬಿಕೊಂಡು ಬಂದಿರುತ್ತದೆ. ಚಾಕು ಇಟ್ಟ ತಕ್ಷಣ ಬುಸ್ಸೆಂದು ಗಾಳಿ ಮುಖಕ್ಕೇ ಹೊಡೆಯುತ್ತದೆ. ಮೂಗು ಮುಚ್ಚಿಕೊಳ್ಳೋಣ ಅಂದರೆ ಕೈ ಖಾಲಿ ಇರಬೇಕಲ್ಲ. ಮಚ್ಚು ಬೀಸಿ ಬೀಸಿ ನನ್ನ ಬಲಭುಜ ಹೋಗಿದೆ. ಕೈ ಎತ್ತಿ ತಲೆ ಬಾಚಿಕೊಳ್ಳಲು ಆಗುವುದಿಲ್ಲ. ತಂಗಿಯೇ ಬಾಚಿ ಜಡೆ ಹಾಕುತ್ತಿದ್ದಳು.

ಈ ಕೆಲಸಕ್ಕೆ ನಮ್ಮ ಕೇರಿಯವರು ಬಿಟ್ಟರೆ ಬೇರೆ ಯಾರೂ ಬರುವುದಿಲ್ಲ. ನಮ್ಮಪ್ಪ ಹೆಣ ಎಳೆದ, ಅವನಪ್ಪನೂ ಎಳೆದ. ನಮ್ಮನ್ನು ಮುಟ್ಟಿದರೆ ಏನೋ ಮೆತ್ತಿಕೊಳ್ಳುತ್ತದೆ ಅಂತ ಜನಕ್ಕೆ. ನಮ್ಮ ಕೆಲಸ ನೋಡಿಕೊಳ್ಳುವ ಮೇಸ್ತ್ರಿ ಬೀಗದ ಕೈ ಕೊಡುವಾಗ ನಮ್ಮ ಕೈಗೆ ಕೊಡುವುದಿಲ್ಲ, ನೆಲಕ್ಕೆ ಎಸೆಯುತ್ತಾನೆ. ಬಗ್ಗಿ ಎತ್ತಿಕೊಳ್ಳಬೇಕು. ನೋಡಲು ಜನ ಬರುವ ಹೊತ್ತಿಗೆ ನಾವು ಗೋಡೆಯ ಆಚೆಗೆ ಹೋಗಬೇಕು. ಒಂದು ಸಲ ಯಾವುದೋ ಮಗು ನನ್ನನ್ನು ನೋಡಿ ಹೆದರಿ ಅತ್ತಿತು. ಮಾರನೆಯ ದಿನವೇ ಮೇಡಂ ನಮ್ಮ ಓಡಾಟಕ್ಕೆ ಹಿಂದುಗಡೆ ಬೇರೆ ಗೇಟು ಇಡಿಸಿದಳು. ಆ ಜಾಗವನ್ನೆಲ್ಲ ನಡೆಸುವವಳು ಅವಳೇ. 'ಇಡಿಸಿದರು' ಅನ್ನಬೇಕಿತ್ತು, ನನಗೂ ಗೊತ್ತು. ನಾಲಿಗೆ ಹೊರಳುವುದಿಲ್ಲ.

ನನ್ನ ತಂಗಿಯದು ಗೂಡು ತೊಳೆಯುವ ಕೆಲಸ. ಆ ಸಿಂಹಿಣಿಗೆ ಮೇಡಂ ಇಟ್ಟ ಹೆಸರು ಏನೋ ಇದೆ, ಯಾರೋ ಕೊಡುಗೈ ದೊಡ್ಡವರ ಮಗಳ ಹೆಸರಂತೆ. ನಮ್ಮ ಬಾಯಲ್ಲಿ ಅದು ಅತ್ತೆ. ಹಾಗೆ ಕರೆದವಳು ತಂಗಿ. ಇವಳು ಗುಡಿಸುವುದನ್ನು ಅದು ಅಂಗಳದ ಸರಳಿನ ಆಚೆ ಕೂತು ಕಣ್ಣು ಕಿರಿದು ಮಾಡಿಕೊಂಡು ನೋಡುತ್ತದೆ. ಒಂದು ಮೂಲೆ ಬಿಟ್ಟರೂ ಗುರ್ ಅನ್ನುತ್ತದೆ.

"ನಿಜವಾದ ಅತ್ತೆ ಸಿಗೋದಕ್ಕೆ ಮುಂಚೇನೇ ಅಭ್ಯಾಸ ಆಗ್ಲಿ ಅಂತ ದೇವ್ರು ಕಳಿಸಿದಾನೆ ಅಕ್ಕಾ," ಅನ್ನುತ್ತಿದ್ದಳು.

"ನಿಂಗೆ ಸಿಗೋ ಅತ್ತೆ ಇದಕ್ಕಿಂತ ಜೋರಾಗಿರ್ತಾಳೆ, ತಡಿ," ಅನ್ನುತ್ತಿದ್ದೆ ನಾನು.

ಅತ್ತೆ ಬಂದಾಗ ಅದರ ಸ್ಥಿತಿ ನೋಡಬೇಕಿತ್ತು. ಸರ್ಕಸ್ಸಿನವರು ತಿರುಗಲೂ ಜಾಗವಿಲ್ಲದ ಬೋನಿನಲ್ಲಿ ಇಟ್ಟಿದ್ದರು. ಕತ್ತಿನ ಸರಪಳಿ ಚರ್ಮದೊಳಗೆ ಹೂತು, ಮೇಲೆ ಮಾಂಸ ಬೆಳೆದಿತ್ತು. ಡಾಕ್ಟರು ಮಂಪರು ಮದ್ದು ಕೊಟ್ಟು ಸರಪಳಿ ಕತ್ತರಿಸಿ ತೆಗೆದರು. ಗಾಯದ ತುಂಬ ಹುಳ. ಡಾಕ್ಟರು ಮುಲಾಮಿನ ಡಬ್ಬಿ ಕೊಟ್ಟು ಹೋದರು. ಹಚ್ಚುವವರು ಯಾರು? ನನ್ನ ತಂಗಿ ಉದ್ದನೆಯ ಬಿದಿರಿಗೆ ಸುಣ್ಣ ಹೊಡೆಯುವ ಬ್ರಷ್ಷು ಕಟ್ಟಿ, ಸರಳಿನ ಸಂದಿಯಿಂದ ದಿನವೂ ಹಚ್ಚಿದಳು. ಅದು ಬ್ರಷ್ಷು ಕಿತ್ತುಕೊಂಡು ಅಗಿದು ಉಗಿಯಿತು. ಇವಳು ಇನ್ನೊಂದು ಕಟ್ಟಿದಳು. ಬೈದುಕೊಂಡೇ ಹಚ್ಚಿದಳು. ಗಾಯ ಮಾಯಿತು. ಆಮೇಲೆ ಮೇಡಂ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡಳು.

ಈಗ ಗೂಡಿನ ವಿಷಯ ಹೇಳಬೇಕು, ಇಲ್ಲದಿದ್ದರೆ ನಿಮಗೆ ಅರ್ಥವಾಗುವುದಿಲ್ಲ. ಅತ್ತೆಗೆ ಹೊರಗೆ ಒಂದು ಅಂಗಳ, ಒಳಗೆ ಒಂದು ಗೂಡು. ಎರಡರ ನಡುವೆ ಕಬ್ಬಿಣದ ಬಾಗಿಲು. ಅದು ಪಕ್ಕಕ್ಕೆ ತೆರೆಯುವ ಬಾಗಿಲಲ್ಲ, ಮೇಲಕ್ಕೆ ಏಳುವ ಬಾಗಿಲು. ಗೂಡಿನ ಹಿಂದೆ ಓಣಿ, ಓಣಿಯ ಗೋಡೆಯಲ್ಲಿ ಹ್ಯಾಂಡಲ್. ಅದನ್ನು ಕೆಳಕ್ಕೆ ಎಳೆದರೆ ತಂತಿಹಗ್ಗ ಬಾಗಿಲನ್ನು ಎತ್ತುತ್ತದೆ. ಬಿಟ್ಟರೆ ಬಾಗಿಲು ದಡಾರೆಂದು ಬೀಳುತ್ತದೆ. ಬೆಳಿಗ್ಗೆ ಅತ್ತೆಯನ್ನು ಅಂಗಳಕ್ಕೆ ಬಿಟ್ಟು, ಬಾಗಿಲು ಇಳಿಸಿ, ತಂಗಿ ಪಕ್ಕದ ಸರಳುಗೇಟಿನಿಂದ ಒಳಗೆ ಹೋಗಿ ತೊಳೆಯುತ್ತಾಳೆ. ತೊಳೆದು ಬಂದ ಮೇಲೆ ಮಾಂಸ ಇಟ್ಟು, ಹ್ಯಾಂಡಲ್ ಎಳೆದರೆ ಅತ್ತೆ ಒಳಗೆ ಬರುತ್ತದೆ. ಮುಂದುಗಡೆ ಗಾಜು. ಜನ ಅಲ್ಲಿ ನಿಂತು ಅದು ತಿನ್ನುವುದನ್ನು ನೋಡುತ್ತಾರೆ. ಇದನ್ನು ಕಟ್ಟಿಸಿದ ಪುಣ್ಯಾತ್ಮ ಯಾರೋ, ಹ್ಯಾಂಡಲ್ ಹತ್ತಿರ ನಿಂತವನಿಗೆ ಗೂಡಿನ ಒಳಗೆ ಯಾರಿದ್ದಾರೆ ಅಂತ ಕಾಣುವುದೇ ಇಲ್ಲ. ನಡುವೆ ಗೋಡೆ.

ಅದಕ್ಕೇ ನಮ್ಮವರು ಒಂದು ಉಪಾಯ ಮಾಡಿಕೊಂಡಿದ್ದರು. ಗೂಡಿಗೆ ಇಳಿಯುವವರು ತಮ್ಮ ಚಪ್ಪಲಿ ಬಿಚ್ಚಿ ಹ್ಯಾಂಡಲ್ಲಿಗೆ ನೇತುಹಾಕುತ್ತಾರೆ. ಚಪ್ಪಲಿ ಇದೆ ಅಂದರೆ ಒಳಗೆ ಜೀವ ಇದೆ ಅಂತ ಲೆಕ್ಕ. ಹೊರಗೆ ಬಂದವರು ತಮ್ಮ ಚಪ್ಪಲಿ ತಾವೇ ತೆಗೆದು ಹಾಕಿಕೊಳ್ಳಬೇಕು. ಬೇರೆಯವರು ತೆಗೆಯುವ ಹಾಗಿಲ್ಲ. ತೆಗೆಯುತ್ತಾರೆ ಅನ್ನುವ ಭಯವೂ ನಮಗೆ ಇರಲಿಲ್ಲ. ನಮ್ಮ ಕೈಯನ್ನೇ ಮುಟ್ಟದವರು ನಮ್ಮ ಚಪ್ಪಲಿ ಮುಟ್ಟುತ್ತಾರೆಯೇ? ಹ್ಯಾಂಡಲ್ ಎಳೆಯಬೇಕಾದರೆ ಮೇಸ್ತ್ರಿ ದೂರದಲ್ಲೇ ನಿಂತು, "ಏಯ್, ಯಾರ್ದೇ ಇದು, ತೆಗ್ಯೇ," ಅಂತ ಅರಚುತ್ತಿದ್ದ. ಚಪ್ಪಲಿಯವರು ಹೊರಗೆ ಬಂದು ತೆಗೆದ ಮೇಲೇ ಎಳೆಯುತ್ತಿದ್ದ. ಅವನ ಅಸಹ್ಯವನ್ನೇ ನಂಬಿಕೊಂಡು ನಾವು ಸಿಂಹದ ಗೂಡಿಗೆ ಇಳಿಯುತ್ತಿದ್ದೆವು. ನಮ್ಮ ಬುದ್ಧಿಗಿಷ್ಟು ಬೆಂಕಿ ಹಾಕ. ಅವನ ಕೈಯಲ್ಲಿ ಕೋಲೂ ಇರುತ್ತದೆ ಅಂತ ನಮಗೆ ಹೊಳೆಯಲೇ ಇಲ್ಲ.

ಆವತ್ತು ದೊಡ್ಡ ಜನ ಬಂದಿದ್ದರು. ಇಂಥ ಜಾಗಗಳಿಗೆ ಕೈಬಿಚ್ಚಿ ಕೊಡುವವರು. ಅವರಿಗೆ ಹಿಂದಿನ ಓಣಿಯನ್ನೂ ತೋರಿಸಲು ಮೇಡಂ ಕರೆತಂದಳು. ನಾನು ಮಾಂಸದ ಕೋಣೆಯಲ್ಲಿ ಒಂದು ಕುದುರೆಯ ಎದೆಗೂಡಿನೊಳಗೆ ಮೊಣಕೈವರೆಗೆ ಕೈ ಹಾಕಿದ್ದೆ. ನನ್ನ ಕಿಟಕಿ ಆ ಓಣಿಗೇ ತೆರೆಯುತ್ತದೆ. ಮೊಬೈಲು ಎತ್ತಿ ಹಿಡಿದುಕೊಂಡ ಜನ ಕಂಡರು. ಮೇಡಂ ಮೇಸ್ತ್ರಿಯ ಜೊತೆ ಹ್ಯಾಂಡಲ್ ಹತ್ತಿರ ನಿಂತು ಮೂಗು ಮುರಿದಳು.

"ಏನ್ರೀ ಇದು ಅಸಹ್ಯ? ಫೋಟೋದಲ್ಲಿ ಬರತ್ತೆ. ತೆಗೀರಿ ಮೊದ್ಲು. ನಾವು ಗಾಜಿನ ಹತ್ರ ಹೋಗೋಷ್ಟರಲ್ಲಿ ಅದನ್ನ ಒಳಗೆ ಬಿಡಿ, ಬೇಗ."

ಜನವನ್ನು ಕರೆದುಕೊಂಡು ಮುಂದೆ ಹೋದಳು. ಮೇಸ್ತ್ರಿ ಒಂದು ಸಲ ಬಾಯಿ ತೆರೆದದ್ದು ಕಂಡಿತು. ಏನಂದನೋ ಕೇಳಲಿಲ್ಲ. ಆಮೇಲೆ ಕೋಲು ಎತ್ತಿ ಹ್ಯಾಂಡಲ್ಲಿನಿಂದ ಏನನ್ನೋ ಮೋರಿಗೆ ಚಿಮ್ಮಿದ, ಸತ್ತ ಇಲಿಯನ್ನು ಎತ್ತಿ ಹಾಕುವ ಹಾಗೆ.

"ಏಯ್! ಏಯ್!" ಅಂದೆ. ಕೈ ಕುದುರೆಯೊಳಗೆ ಸಿಕ್ಕಿಕೊಂಡಿತ್ತು. ಕಿತ್ತುಕೊಳ್ಳುವಷ್ಟರಲ್ಲಿ ತಂತಿಹಗ್ಗ ಕಿರ್ರೆಂದಿತು.

ಒಂದು ಕೈಯಲ್ಲಿ ಮಚ್ಚು, ಇನ್ನೊಂದರಲ್ಲಿ ಕುದುರೆಯ ಕಾಲು ಹಿಡಿದು ಓಡಿದೆ. ಸರಳುಗೇಟು ದೂಡಿ ಒಳಗೆ ಬಿದ್ದೆ. ನೀರಿನ ಪೈಪು ನೆಲದ ಮೇಲೆ ಹಾವಿನ ಹಾಗೆ ಹೊರಳಾಡುತ್ತಿತ್ತು. ಆ ನೀರಿನ ಸದ್ದಿಗೇ ಅವಳಿಗೆ ಏನೂ ಕೇಳಿರಲಿಲ್ಲ. ಅತ್ತೆ ಅವಳ ಮೇಲಿತ್ತು. ಬಲಭುಜವನ್ನು ಬಾಯಲ್ಲಿ ಹಿಡಿದು ಅಲ್ಲಾಡಿಸುತ್ತಿತ್ತು. ತಂಗಿ ಕೂಗಲಿಲ್ಲ. ಕೂಗಲು ಅವಳಲ್ಲಿ ಉಸಿರು ಇರಲಿಲ್ಲ. ಮೂಳೆ ಮುರಿಯುವ ಸದ್ದು ಮಾತ್ರ ಕೇಳಿತು. ಆ ಸದ್ದು ನನಗೆ ಹೊಸದಲ್ಲ. ದಿನಾ ಬೆಳಿಗ್ಗೆ ನಾನೇ ಮಾಡುವ ಸದ್ದು.

ಕುದುರೆಯ ಕಾಲು ಅದರ ಮುಖಕ್ಕೆ ಎಸೆದೆ. ತಿರುಗಿಯೂ ನೋಡಲಿಲ್ಲ. ಹೋದೆ. ಮಚ್ಚು ತಿರುವಿ ಹಿಡಿದು ಮೂಗಿನ ಮೇಲೆ ಬಾರಿಸಿದೆ. ಗುರುಗುಟ್ಟಿತು, ಬಿಡಲಿಲ್ಲ. ಮತ್ತೆ ಬಾರಿಸಿದೆ. ಮೂಗಿನಿಂದ ರಕ್ತ ಬಂತು. ಮತ್ತೆ. ಮತ್ತೆ. ಅದರ ಬಿಸಿ ಉಸಿರು ನನ್ನ ಹೊಟ್ಟೆಗೆ ತಾಗುತ್ತಿತ್ತು. ಆಗ ಗಾಜಿನ ಮೇಲಿನ ಜಾಲರಿಯಿಂದ ಮೇಡಂ ಕಿರುಚುವುದು ಕೇಳಿತು.

"ಹೊಡೀಬೇಡ! ಏಯ್, ಪ್ರಾಣಿಗೆ ಹೊಡೀಬೇಡ!"

ತಲೆ ಎತ್ತಿದೆ. ಗಾಜಿನ ತುಂಬ ಮೊಬೈಲುಗಳು. ಅವಳು ಗಾಜು ಗುದ್ದುತ್ತಿದ್ದಳು. ಬಾಗಿಲು ಇಳಿಸಿ ಅನ್ನಲಿಲ್ಲ, ಡಾಕ್ಟರನ್ನು ಕರೆಯಿರಿ ಅನ್ನಲಿಲ್ಲ. ಪ್ರಾಣಿಗೆ ಹೊಡೀಬೇಡ ಅಂದಳು. ನಾನು ಇನ್ನೂ ಜೋರಾಗಿ ಹೊಡೆದೆ. ಅತ್ತೆ ಬಾಯಿ ಬಿಟ್ಟಿತು. ಹಿಂದಕ್ಕೆ ಸರಿದು, ಕುದುರೆಯ ಕಾಲು ಕಚ್ಚಿಕೊಂಡು ಮೂಲೆಗೆ ಹೋಗಿ ಕೂತಿತು. ತಂಗಿಯ ಜಡೆ ಹಿಡಿದು ಹೊರಗೆ ಎಳೆದೆ. ಹಿಡಿಯಲು ಬೇರೆ ಏನೂ ಸರಿಯಾಗಿ ಉಳಿದಿರಲಿಲ್ಲ. ಅವಳ ಚಪ್ಪಲಿ ಮೋರಿಯಲ್ಲಿ ತೇಲುತ್ತಿದ್ದವು.

ಆಸ್ಪತ್ರೆಯಲ್ಲಿ ಅವಳ ಬಲಗೈಯನ್ನು ಭುಜದಿಂದಲೇ ತೆಗೆದರು. ಅವಳಿಗೆ ಎಚ್ಚರವಾದಾಗ ಎಡಗೈಯಲ್ಲಿ ಹೊದಿಕೆ ತಡಕಿದಳು. ಬ್ಯಾಂಡೇಜು ಮುಟ್ಟಿ ನೋಡಿದಳು. ಗೋಡೆಯ ಕಡೆಗೆ ಮುಖ ತಿರುಗಿಸಿದಳು. ನನ್ನ ಗಂಡ ಹೊರಗೆ ಹೋಗಿ ಲಾರಿಯ ಮರೆಯಲ್ಲಿ ನಿಂತು ಅತ್ತು ಬಂದ.

ಮೇಡಂ ಬಂದಳು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಕುರ್ಚಿಯ ತುದಿಯಲ್ಲಿ ಕೂತಳು. ನನ್ನನ್ನು ಬಾಗಿಲ ಹೊರಗೆ ಕರೆದಳು.

"ನೀನು ಹೊಡೆದಿರೋ ವಿಡಿಯೋ ಎಲ್ಲಾ ಕಡೆ ಹೋಗಿದೆ. ಜನ ಕೆರಳಿದಾರೆ. ಮೇಲಿನೋರು ಕಾರಣ ಕೇಳ್ತಿದಾರೆ. ನಾನು ಏನಾದ್ರೂ ಹೇಳ್ಬೇಕು. ನೋಡು, ಒಂದೋ ನಿನ್ನ ತಂಗಿ ಬಾಗಿಲು ನೋಡ್ಕೊಳ್ಳದೆ ಒಳಗೆ ಹೋದ್ಳು, ತಪ್ಪು ಅವಳದು. ಇಲ್ಲಾ ಅಂದ್ರೆ ಪ್ರಾಣಿಗೆ ತಲೆ ಕೆಟ್ಟಿದೆ, ಮನುಷ್ಯರ ಮೇಲೆ ಬೀಳತ್ತೆ. ಅಂಥದನ್ನ ಇಟ್ಕೊಳ್ಳೋ ಹಾಗಿಲ್ಲ. ಇಂಜೆಕ್ಷನ್ ಕೊಟ್ಟು ಮಲಗಿಸ್ಬೇಕಾಗತ್ತೆ."

"ಚಪ್ಪಲಿ ತಳ್ಳಿದ್ದು ಮೇಸ್ತ್ರಿ," ಅಂದೆ. "ಬಾಗಿಲು ಎಳೆದಿದ್ದೂ ಅವನೇ. ತೆಗೀರಿ ಅಂದಿದ್ದು ನೀವು. ಕಿಟಕೀಲಿ ನಿಂತು ನೋಡಿದೀನಿ ಮೇಡಂ."

"ಚಪ್ಪಲಿ ಗಿಪ್ಪಲಿ ಯಾವ ನಿಯಮದಲ್ಲೂ ಇಲ್ಲ. ನೀವು ನೀವೇ ಮಾಡ್ಕೊಂಡಿರೋದು. ಅದನ್ನೆಲ್ಲ ಎತ್ತಿದ್ರೆ ನಿಮ್ಮೋರು ಯಾರಿಗೂ ಇಲ್ಲಿ ಕೆಲಸ ಇರಲ್ಲ, ನೆನಪಿಟ್ಕೋ. ಇರೋದು ಎರಡೇ. ನಿನ್ನ ತಂಗಿ, ಇಲ್ಲಾ ಪ್ರಾಣಿ. ಮೂರನೇದು ಇಲ್ಲ. ಕ್ಯಾಮೆರಾ ಮುಂದೆ ಬಂದು ನೀನೇ ಹೇಳ್ಬೇಕು."

ಅವಳು ಹೋದ ಮೇಲೆ ಗಂಡ ಅಂದ, "ಹೇಳಿಬಿಡೇ. ಎರಡು ಮಾತು. ಮಾತಾಡಿದ್ರೆ ಮೈ ಸವೆಯತ್ತಾ? ಕೇರಿಯೋರೆಲ್ಲ ಬೀದಿಗೆ ಬೀಳ್ತಾರೆ."

"ನಿನ್ನ ಬಾಯಿಗಿಷ್ಟು ಮಣ್ಣು ಹಾಕ. ಕೈ ಹೋಗಿರೋದು ಅವಳದು, ತಪ್ಪೂ ಅವಳದೇನಾ?"

ಎಲ್ಲ ಕೇಳಿಸಿಕೊಂಡಿದ್ದ ತಂಗಿ ಮಲಗಿದ್ದಲ್ಲಿಂದಲೇ ಕರೆದಳು. "ಅಕ್ಕಾ, ಜಗಳ ಆಡ್ಬೇಡಿ. ನಂದೇ ತಪ್ಪು ಅಂತ ಹೇಳು. ಅತ್ತೆಗೆ ಸೂಜಿ ಹಾಕ್ಸಬೇಡ."

"ನಿನ್ನ ಕೈ ತಿಂದಿರೋದೇ ಅದು ಕಣೇ!"

"ಅದು ಸಿಂಹ. ತಿನ್ನೋದು ಅದರ ಕೆಲಸ. ಬಾಗಿಲು ಎತ್ತೋದು ಅದರ ಕೆಲಸಾನಾ? ನಾನು ಬ್ರಷ್ಷು ಕಟ್ಟಿ ಬದುಕಿಸಿದ್ದು ಅದನ್ನ. ಸಾಯಿಸ್ಬೇಡ ಅಕ್ಕಾ. ಇದೊಂದು ಕೇಳ್ತೀನಿ."

ಅವಳು ನನ್ನ ಹತ್ತಿರ ಏನನ್ನೂ ಕೇಳಿದವಳಲ್ಲ. ಒಪ್ಪಿಕೊಂಡೆ. ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿಕೊಂಡೆ. ಆ ರೀತಿ ಒಪ್ಪಿಕೊಂಡದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು ಬಂತು.

ವಿಡಿಯೋ ತೆಗೆಯಲು ಮೇಡಂ ಆರಿಸಿದ ಜಾಗ ಅತ್ತೆಯ ಗೂಡೇ. ಅಲ್ಲೇ ತೆಗೆದರೆ ನಿಜ ಅನ್ನಿಸುತ್ತದಂತೆ. ನಾನು ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು ಹೋದೆ. ಅವಳು ನೋಡಿ ತಲೆ ಅಲ್ಲಾಡಿಸಿದಳು. ಮಾಂಸ ಕಡಿಯುವಾಗ ಕಟ್ಟಿಕೊಳ್ಳುವ ರಬ್ಬರಿನ ಏಪ್ರನ್ನು ಕಟ್ಟಿಕೊಂಡು ಬಾ ಅಂದಳು. ತೊಳೆದದ್ದು ಬೇಡ, ರಕ್ತ ಇರುವುದೇ ಬೇಕು ಅಂದಳು. ಕಟ್ಟಿಕೊಂಡು ಬಂದೆ. ಗೂಡಿನ ನಡುವೆ ಮಂಡಿಯೂರಿ ಕೂರಿಸಿದರು. ಮೇಸ್ತ್ರಿ ಬೆಳಕು ಬೀಳಲಿ ಅಂತ ಬಿಳಿ ಬಟ್ಟೆ ಹಿಡಿದು ನಿಂತ. ಮೇಡಂ ಎದುರಿಗೆ. ಕ್ಯಾಮೆರಾದವನು ಸರಳುಗೇಟಿನ ಹೊರಗೆ. ಬಾಗಿಲ ಆಚೆ ಅಂಗಳದಲ್ಲಿ ಅತ್ತೆ. ಬೆಳಗಿನಿಂದ ಅದಕ್ಕೆ ಹೊಟ್ಟೆಗೆ ಹಾಕಿರಲಿಲ್ಲ. ಹಸಿದರೆ ಬಾಗಿಲು ಕೆರೆಯುತ್ತದೆ, ಆ ಸದ್ದು ವಿಡಿಯೋದಲ್ಲಿ ಚೆನ್ನಾಗಿ ಬರುತ್ತದೆ ಅಂತ ಮೇಡಮ್ಮನ ಲೆಕ್ಕ.

"ಹೇಳು. ನನ್ನ ತಂಗಿ ಅಜಾಗರೂಕತೆಯಿಂದ ಒಳಗೆ ಹೋದಳು."

ಹೇಳಿದೆ.

"ನಾನು ಒಂದು ಮೂಕಪ್ರಾಣಿಗೆ ಹೊಡೆದೆ. ಕ್ಷಮಿಸಿ."

ಅದನ್ನೂ ಹೇಳಿದೆ.

"ಈಗ ಕೊನೇದು. ಮುಖ ಕೆಳಗೆ ಹಾಕ್ಕೊಂಡು ಹೇಳು. ನಮ್ಮ ಜನಕ್ಕೆ ಪ್ರಾಣಿ ಅಂದ್ರೆ ಬರೀ ಮಾಂಸ. ದಯೆ ಅನ್ನೋದು ನಮ್ಮ ರಕ್ತದಲ್ಲೇ ಇಲ್ಲ. ಇಲ್ಲಿಗೆ ಬಂದ ಮೇಲೆ ಮೇಡಂ ಕಲಿಸಿಕೊಟ್ಟರು."

ನಾನು ಅವಳ ಮುಖ ನೋಡಿದೆ. ಕರ್ಚೀಫು ಮೂಗಿನ ಮೇಲೇ ಇತ್ತು.

"ಏನದು?" ಅಂದೆ.

"ಕೇಳಿಸ್ಲಿಲ್ವಾ? ನಮ್ಮ ಜನಕ್ಕೆ..."

"ಹೇಳೇ, ಹೊತ್ತಾಗ್ತಿದೆ," ಅಂತ ಮೇಸ್ತ್ರಿ ಬೂಟಿನ ತುದಿಯಿಂದ ನನ್ನ ಸೊಂಟಕ್ಕೆ ತಿವಿದ. ಕೈ ಮುಟ್ಟಿಸಬಾರದಲ್ಲ.

ತಂಗಿಯ ತಪ್ಪು ಅಂದಾಗ ನುಂಗಿದ್ದೆ. ಅದು ಅವಳೇ ಕೇಳಿಕೊಂಡದ್ದು. ಇದು ಯಾರು ಕೇಳಿಕೊಂಡದ್ದು? ಹುಳ ಬಿದ್ದ ಗಾಯಕ್ಕೆ ಮುಲಾಮು ಹಚ್ಚಿದ ಕೈಯನ್ನು ಆಸ್ಪತ್ರೆಯವರು ಕಸಕ್ಕೆ ಹಾಕಿದ್ದರು. ನಮ್ಮ ರಕ್ತದಲ್ಲಿ ದಯೆ ಇಲ್ಲವಂತೆ! ಆ ನೆಲದ ಸಂದಿಯಲ್ಲಿ ಅವಳ ರಕ್ತದ ಕಲೆ ಇನ್ನೂ ಹೋಗಿರಲಿಲ್ಲ, ನನ್ನ ಮಂಡಿಯ ಕೆಳಗೇ ಇತ್ತು.

"ಗಂಟಲು ಒಣಗಿದೆ. ನೀರು ಕುಡಿದು ಬರ್ತೀನಿ," ಅಂದೆ.

ಎದ್ದೆ. ಗೇಟು ದಾಟಿದೆ. ದಾಟಿ, ಗೇಟು ಎಳೆದು, ಒಳಗಿನಿಂದ ಕೈ ಎಟುಕದ ಚಿಲಕ ಹಾಕಿದೆ. ಕ್ಯಾಮೆರಾದವನು ನನ್ನ ಮುಖ ನೋಡಿ ಗೋಡೆಗೆ ಒತ್ತಿಕೊಂಡ.

"ನೀನು ತೆಗೀತಾ ಇರು. ನಿಲ್ಲಿಸಿದ್ರೆ ನೋಡು," ಅಂದೆ ಅವನಿಗೆ.

ಓಣಿಗೆ ಹೋಗಿ ಹ್ಯಾಂಡಲ್ ಹಿಡಿದೆ. ಗೋಡೆಯ ಆಚೆಯಿಂದ ಮೇಸ್ತ್ರಿ ಗೇಟು ಜಗ್ಗುವ ಸದ್ದು ಬಂತು. "ಏಯ್! ತೆಗ್ಯೇ! ಏನ್ ಆಟಾನಾ ಇದು?" ನನಗೆ ಅವರು ಕಾಣುತ್ತಿರಲಿಲ್ಲ. ಅಲ್ಲಿ ನಿಂತರೆ ಯಾರಿಗೂ ಯಾರೂ ಕಾಣುವುದಿಲ್ಲ.

"ನಾನು ಹ್ಯಾಂಡಲ್ ಹತ್ರ ಇದೀನಿ," ಅಂತ ಕೂಗಿದೆ.

ಗೇಟಿನ ಸದ್ದು ನಿಂತಿತು.

"ನಿಂಗೆ ಹುಚ್ಚು ಹಿಡಿದಿದ್ಯಾ?" ಮೇಡಂ ಕಿರುಚಿದಳು. "ಪೊಲೀಸ್ ಕರೆಸ್ತೀನಿ! ಜೈಲಲ್ಲಿ ಕೊಳೀತೀಯ!"

"ಕರೆಸು. ಅವ್ರು ಬರೋದಕ್ಕೆ ಹೊತ್ತಾಗತ್ತೆ. ಈ ಬಾಗಿಲು ಏಳೋದಕ್ಕೆ ಹೊತ್ತು ಬೇಡ." ಅಷ್ಟು ವರ್ಷದಲ್ಲಿ ಮೊದಲ ಸಲ ಅವಳಿಗೆ ನೀನು ಅಂದೆ. "ಆವತ್ತು ಏನಾಯ್ತು, ಕ್ಯಾಮೆರಾಗೆ ಹೇಳು."

"ನಿನ್ನ ತಂಗಿ ನೋಡ್ಕೊಳ್ದೆ..."

ಮೈಭಾರ ಹಾಕಿ ಎಳೆದೆ. ತಂತಿಹಗ್ಗ ಕಿರ್ರೆಂದಿತು. ಬಾಗಿಲು ಒಂದು ಗೇಣು ಎದ್ದಿರಬೇಕು. ಅತ್ತೆಯ ಪಂಜಾ ಒಳಗೆ ಬಂತು. ನನಗೆ ಕಂಡಿದ್ದಲ್ಲ, ಕ್ಯಾಮೆರಾದವನು ಆಮೇಲೆ ಹೇಳಿದ್ದು. ಪಂಜಾ ಮೇಸ್ತ್ರಿಯ ಕೈಯಲ್ಲಿದ್ದ ಬಿಳಿ ಬಟ್ಟೆಗೆ ಕೊಕ್ಕೆ ಹಾಕಿ, ಸಂದಿಯಿಂದ ಎಳೆದುಕೊಂಡು, ಆಚೆ ಪರಪರ ಹರಿಯಿತಂತೆ. ಮೇಸ್ತ್ರಿ ಮೇಡಮ್ಮನ ಎರಡೂ ರಟ್ಟೆ ಹಿಡಿದು ತನ್ನ ಮುಂದಕ್ಕೆ ಎಳೆದುಕೊಂಡನಂತೆ. ಅವಳು ತಿರುಗಿ ಅವನ ಮುಖ ಪರಚಿದಳಂತೆ. ನನಗೆ ಕೇಳಿದ್ದು ಇಬ್ಬರ ಕಿರುಚಾಟ. ಯಾರದು ಯಾವುದು ಅಂತ ಗೊತ್ತಾಗದ ಹಾಗೆ ಕಿರುಚುತ್ತಿದ್ದರು.

"ನಾನೇ! ನಾನೇ ತೆಗೀರಿ ಅಂದಿದ್ದು!" ಮೇಡಂ ಅಳುತ್ತಿದ್ದಳು. "ಚಪ್ಪಲಿ ಅಂತ ಅಂದ್ಕೊಂಡೆ ಅಷ್ಟೇ! ಒಳಗೆ ಯಾರಾದ್ರೂ ಇದಾರೆ ಅಂತ ನಂಗೆ ಗೊತ್ತಿರ್ಲಿಲ್ಲ! ಅವನಿಗೆ ಗೊತ್ತಿತ್ತು, ಅವನ್ನ ಕೇಳು!"

"ಮೇಸ್ತ್ರಿ!" ಅಂದೆ.

ಹ್ಯಾಂಡಲ್ ಇನ್ನಷ್ಟು ಒತ್ತಿದೆ.

"ಗೊತ್ತಿತ್ತು!" ಅಂತ ಚೀರಿದ. "ಒಳಗೆ ಯಾರೋ ಇದಾರೆ ಅಂತ ಗೊತ್ತಿತ್ತು! ಒಂದ್ಸಲ ಕೂಗ್ದೆ. ನೀರಿನ ಸದ್ದಿಗೆ ಅವಳಿಗೆ ಕೇಳಿಸ್ಲಿಲ್ಲ. ಮೇಡಂ ಬೇಗ ಬೇಗ ಅಂದ್ರು. ಬಾಗಿಲು ಏಳ್ತಿದ್ದ ಹಾಗೆ ಅವಳೇ ಓಡಿಬರ್ತಾಳೆ ಅಂದ್ಕೊಂಡೆ. ಸುತ್ತಿ ಹೋಗಿ ಗೇಟಲ್ಲಿ ನೋಡೋಕೆ... ಅಷ್ಟು ಹೊತ್ತು ಇರ್ಲಿಲ್ಲ!"

ಅಷ್ಟು ಹೊತ್ತು ಇರಲಿಲ್ಲವಂತೆ. ಓಣಿಯಿಂದ ಗೇಟಿಗೆ ಎಷ್ಟು ದೂರ ಅಂತ ನಾನು ಈಗಷ್ಟೇ ನಡೆದು ನೋಡಿದ್ದೆ. ಒಂದು ಸಲ ಕೆಮ್ಮಿ ಮುಗಿಸುವಷ್ಟರಲ್ಲಿ ತಲುಪಬಹುದು. ಅವನು ಅವಳನ್ನು ಮರೆತು ಎಳೆದಿದ್ದರೆ ಒಂದು ಮಾತು. ಗೊತ್ತಿದ್ದೂ ಎಳೆದಿದ್ದ. ನನ್ನ ತಂಗಿ ಓಡಬಲ್ಲಳೇ ಇಲ್ಲವೇ ಅಂತ ಸಿಂಹದ ಮುಂದೆ ಬಿಟ್ಟು ನೋಡಿದ್ದ.

ಎಳೆಯಬೇಕು ಅನ್ನಿಸಿತು. ಸುಳ್ಳು ಹೇಳುವುದಿಲ್ಲ. ಪೂರ್ತಿ ಎಳೆದು, ಕೊಂಡಿ ಸಿಕ್ಕಿಸಿ, ಮಾಂಸದ ಕೋಣೆಗೆ ಹೋಗಿ ನನ್ನ ಕೆಲಸ ಮುಂದುವರಿಸಬೇಕು ಅನ್ನಿಸಿತು. ಅವನ ಮೂಳೆ ಮುರಿಯುವ ಸದ್ದು ಕೇಳಬೇಕು ಅಂತ ಕಿವಿ ಕಾಯುತ್ತಿತ್ತು. ಹೋದ ಭುಜಕ್ಕೂ ಎಲ್ಲಿಂದಲೋ ಬಲ ಬಂದಿತ್ತು. ನನ್ನನ್ನು ತಡೆದದ್ದು ದಯೆ ಅಂತ ಯಾರೂ ಬರೆಯಬೇಡಿ. ಇವರನ್ನು ಮುಟ್ಟಿದರೆ ಅತ್ತೆಗೆ ಸೂಜಿ ಖಂಡಿತ. ತಂಗಿ ನನ್ನ ಹತ್ತಿರ ಕೇಳಿದ್ದು ಅದೊಂದೇ.

ಕೈ ಬಿಟ್ಟೆ. ಬಾಗಿಲು ದಡಾರೆಂದು ಬಿತ್ತು.

ಕಿರುಚಾಟ ಕೇಳಿ ನಮ್ಮ ಹೆಂಗಸರೆಲ್ಲ ಓಣಿಗೆ ಬಂದಿದ್ದರು, ಕೆಲವರ ಕೈಯಲ್ಲಿ ಚಾಕು ಹಾಗೇ ಇತ್ತು. ನಾನು ಚಿಲಕ ತೆಗೆದೆ. ಮೇಸ್ತ್ರಿ ಅವರ ನಡುವೆ ಮೈ ತಾಗಿಸಿಕೊಂಡೇ ಓಡಿದ. ಮೇಡಂ ಗೋಡೆ ಹಿಡಿದುಕೊಂಡು ಬಂದವಳು ಮೊದಲು ಮಾಡಿದ ಕೆಲಸ ಅಂದರೆ ಕ್ಯಾಮೆರಾಗೆ ಕೈ ಹಾಕಿದ್ದು. "ಅಳಿಸು ಅದನ್ನ! ಅಳಿಸು!" ಕ್ಯಾಮೆರಾದವನು ಅದನ್ನು ಎದೆಗೆ ಅವುಚಿಕೊಂಡು ನಮ್ಮ ಹೆಂಗಸರ ಹಿಂದೆ ಹೋಗಿ ನಿಂತ. ಚಾಕು ಹಿಡಿದವರನ್ನು ದಾಟಿ ಹೋಗಲು ಅವಳಿಗೆ ಧೈರ್ಯ ಬರಲಿಲ್ಲ.

ಪೊಲೀಸರು ಬರುವಷ್ಟರಲ್ಲಿ ನಾನು ಅತ್ತೆಗೆ ಊಟ ಹಾಕಿದೆ. ಗೂಡು ಖಾಲಿ ಇದೆಯೇ ಅಂತ ಸುತ್ತಿ ಹೋಗಿ ಗೇಟಿನಲ್ಲಿ ನೋಡಿ, ಮಾಂಸ ಇಟ್ಟು, ಬಂದು ಬಾಗಿಲು ಎತ್ತಿದೆ. ಮತ್ತೆ ಗೇಟಿಗೆ ಹೋಗಿ ನೋಡಿದೆ, ಅದರ ಮೂಗಿನ ಗಾಯ ಒಣಗುತ್ತಾ ಬಂದಿತ್ತು. ನನ್ನನ್ನು ನೋಡಿ ಹಲ್ಲು ಕಿರಿಯಿತು. ಕಿರಿಯಲಿ.

ಠಾಣೆಯಲ್ಲಿ ನನ್ನನ್ನು ಬೆಂಚಿನ ಮೇಲೆ ಕೂರಿಸಿದರು. ಏಪ್ರನ್ನು ಬಿಚ್ಚಲು ಬಿಟ್ಟಿರಲಿಲ್ಲ, ಅದೂ ಸಾಕ್ಷಿಯಂತೆ. ಕೊಲೆಯ ಪ್ರಯತ್ನ ಅಂದರು. ಇಬ್ಬರನ್ನು ಕೂಡಿಹಾಕಿದ್ದು ಅಂದರು. ಇನ್ಸ್‌ಪೆಕ್ಟರು ಕ್ಯಾಮೆರಾದವನ ವಿಡಿಯೋ ಪೂರ್ತಿ ನೋಡಿದ್ದರು. ಕೆಟ್ಟ ಮನುಷ್ಯನೇನಲ್ಲ, ಕುಡಿಯಲು ನೀರು ಕೊಡಿಸಿದರು. ಪೆನ್ನು ಕೆಳಗಿಟ್ಟು ಕೇಳಿದರು.

"ನಿಜ ಹೇಳಮ್ಮ. ಅವ್ರು ಒಪ್ಕೊಳ್ಳದೇ ಇದ್ದಿದ್ರೆ ನೀನು ಬಾಗಿಲು ಪೂರ್ತಿ ಎಳೀತಿದ್ಯಾ?"

ಕಿಟಕಿಯ ಆಚೆ ಜಗುಲಿ ಕಾಣುತ್ತಿತ್ತು. ಮೇಸ್ತ್ರಿ ಅಲ್ಲಿ ಕುರ್ಚಿಯ ಮೇಲೆ ಕೂತಿದ್ದ. ದೂರು ಕೊಡಲು ಬಂದಿದ್ದ. ಅವನ ಕೈಗೆ ಪೇದೆಯೊಬ್ಬ ಲೋಟ ಕೊಟ್ಟ.

"ಪೂರ್ತಿ ಎಳೆದೋನು ಹೊರಗೆ ಟೀ ಕುಡೀತಾ ಕೂತಿದಾನೆ ಸಾರ್," ಅಂದೆ. "ಮೊದ್ಲು ಅವನನ್ನ ಕೇಳ್ಕೊಂಡು ಬನ್ನಿ."